ಏಳನೇ ಪಾಠದಲ್ಲಿ ಉಕ್ಕಿದ ಹಾಲು

ಹೊಲಿಗೆ ಕೋಣೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಹೇಗಿದ್ದೀಯ ತಾಯಿ? ಹಡಗು ಓಲಾಡಿದಾಗಲೆಲ್ಲ ಹೊಟ್ಟೆ ತೊಳಸುತ್ತದೆ ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ, ಈಗ ಹೇಗಿದೆ? ಊಟ ಸೇರುತ್ತಿದೆಯೇ? ಬೆನ್ನಿಗೆ ಇರಲಿ ಎಂದು ಹೊಲಿದುಕೊಟ್ಟ ದಿಂಬು ನಿನ್ನ ಹತ್ತಿರವೇ ಇದೆಯೋ, ಇಲ್ಲ ಅದನ್ನೂ ಯಾರಿಗೋ ಎತ್ತಿ ಕೊಟ್ಟುಬಿಟ್ಟೆಯೋ? ನಿನ್ನ ಕೈ ಎಷ್ಟು ಧಾರಾಳ ಅಂತ ನನಗೆ ಗೊತ್ತಿಲ್ಲವೇ! ನಾವಿಲ್ಲಿ ಚೆನ್ನಾಗಿದ್ದೇವೆ. ನನ್ನ ಮಂಡಿ ದಿನಕ್ಕೊಂದು ರಾಗ ತೆಗೆಯುತ್ತದೆ, ಅದನ್ನು ಬಿಡು. ನಿನ್ನ ಗಂಡ ಬೆಳಗಿನ ಪಾಳಿಯ ಬಸ್ಸು ಓಡಿಸಿ ಬಂದು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ. ನಿದ್ದೆಯಲ್ಲೂ ಬ್ರೇಕ್ ಒತ್ತುತ್ತಾನೆ, ಮೇಜಿನ ಕಾಲು ಅಲುಗುತ್ತದೆ. ನಿನ್ನ ಮಗಳು ಎರಡು ಬೆರಳಿನಷ್ಟು ಉದ್ದವಾಗಿದ್ದಾಳೆ. ಒಂದು ಕಡೆ ನಿಲ್ಲದೆ ಹೊಲಿಗೆ ಮಿಷಿನ್ನಿನೊಳಗಿನ ದಾರದ ಬಾಬಿನ್ ಹಾಗೆ ಗಿರಗಿರ ಸುತ್ತುತ್ತಾಳೆಂದು ನಾನು ಬಾಬಿನ್ ಎಂದು ಕರೆದದ್ದು ಈಗ ಅವಳ ತರಗತಿಗೂ ಹಬ್ಬಿದೆ, ಮೇಷ್ಟರೂ ಹಾಗೇ ಕರೆಯುತ್ತಾರಂತೆ. ಅವಳ ಫ್ರಾಕಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿಟ್ಟಿದ್ದೆ, ಎರಡು ಬಿಚ್ಚಿಯಾಯಿತು. ಉಳಿದ ಎರಡು ನೀನು ಬರುವ ತನಕ ಸಾಕಾದರೆ ಸಾಕು.

ಈಗ ಮೇಜಿನ ಮೇಲೆ ಆಸ್ಪತ್ರೆಯ ಪರದೆಗೆ ಬಂದ ನೀಲಿ ಬಟ್ಟೆ ಹಾಸಿದೆ. ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಅದು ಮೆಲ್ಲಗೆ ಉಬ್ಬಿ ಇಳಿಯುತ್ತದೆ. ಕತ್ತರಿಸಲು ಮನಸ್ಸೇ ಬರಲಿಲ್ಲ. ಅದರ ಮೇಲೇ ತಲೆಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದೆ. ಕನಸಿನಲ್ಲಿ ನೀನು ಹಡಗಿನ ಅಂಚಿನಲ್ಲಿ ನಿಂತು ನನ್ನ ಅಳತೆ ಟೇಪನ್ನು ಸಮುದ್ರಕ್ಕೆ ಇಳಿಬಿಡುತ್ತಿದ್ದೆ. ಅದು ಮುಗಿಯುತ್ತಲೇ ಇರಲಿಲ್ಲ. ನೂರೈವತ್ತು ಸೆಂಟಿಮೀಟರ್ ಆದಮೇಲೆ ಅಂಕಿಗಳಿಲ್ಲದ ಹಳದಿ ಪಟ್ಟಿ ಇಳಿಯುತ್ತಾ ಹೋಯಿತು, ನೀನು ಮಾತ್ರ ಇನ್ನೂ ಬಿಡಿ ಅತ್ತೆ, ಇನ್ನೂ ಬಿಡಿ ಅನ್ನುತ್ತಿದ್ದೆ. ಕೊನೆಗೆ ತಳದಲ್ಲಿ ಯಾರೋ ತುದಿ ಹಿಡಿದು ಎಳೆದಂತಾಯಿತು. ಎಚ್ಚರವಾದಾಗ ಟೇಪು ನನ್ನ ಕೊರಳಲ್ಲೇ ಇತ್ತು, ಬಾಬಿನ್ ಅದರ ತುದಿ ಹಿಡಿದು ಅಜ್ಜಿ ಏಳು, ಹಸಿವಾಗ್ತಿದೆ ಅನ್ನುತ್ತಿದ್ದಳು. ಈಗ ಯಾರೂ ಹಗ್ಗ ಇಳಿಸಿ ಆಳ ಅಳೆಯುವುದಿಲ್ಲ, ಸದ್ದು ಕಳಿಸಿ ಅದು ತಿರುಗಿ ಬರುವ ತನಕ ಕಾಯುತ್ತೇವೆ ಎಂದು ನೀನು ನನಗೆ ಎಷ್ಟು ಸಲ ಹೇಳಿಕೊಟ್ಟಿದ್ದೀಯ. ಆದರೂ ಕನಸಿಗೆ ಬರುವುದು ಟೇಪೇ. ಐವತ್ತು ವರ್ಷ ಅದನ್ನೇ ಕೊರಳಿಗೆ ಹಾಕಿಕೊಂಡವಳಿಗೆ ಬೇರೇನು ಬರುತ್ತದೆ?

ಸರಿ, ಅಸಲು ಸಮಾಚಾರಕ್ಕೆ ಬರುತ್ತೇನೆ. ಗಾಬರಿಯಾಗಬೇಡ, ಕೊನೆಯವರೆಗೆ ಓದು. ನೀನು ಹೊರಟ ವಾರದಿಂದಲೇ ಬಾಬಿನ್‌ಳ ಲೆಕ್ಕದ ಪಾಠ ನಿಂತಲ್ಲೇ ನಿಂತಿದೆ. ಶಾಲೆಯವರ ಆ ಆನ್‌ಲೈನ್ ಪಾಠಗಳಲ್ಲಿ ಹತ್ತಕ್ಕೆ ಎಂಟು ಸರಿ ಬಂದರೆ ತಾನೇ ಮುಂದಿನದು ತೆರೆಯುವುದು? ಇವಳಿಗೆ ಏಳನೇ ಪಾಠದಲ್ಲಿ ಎಂಟು ಬರುವುದೇ ಇಲ್ಲ. ಮೂರು ತಿಂಗಳಿಂದ ಇದೇ ಕತೆ. ಹೋದ ವಾರ ಲೆಕ್ಕದ ಮೇಷ್ಟರು ನನ್ನನ್ನು ಕರೆಸಿ, ತಿಂಗಳ ಕೊನೆಯೊಳಗೆ ಏಳನೆಯದು ದಾಟದಿದ್ದರೆ ಇವಳನ್ನು ಈ ಗುಂಪಿನಿಂದ ತೆಗೆದು ಕೆಳಗಿನ ತರಗತಿಯವರ ಜೊತೆ ಕೂರಿಸಬೇಕಾಗುತ್ತದೆ ಎಂದರು. ಒಳ್ಳೆಯ ಮನುಷ್ಯ, ಬೇಜಾರಿನಿಂದಲೇ ಹೇಳಿದರು. ನೀನು ಅಷ್ಟು ದೂರದಲ್ಲಿ ಸಮುದ್ರದ ತಳದ ನಕ್ಷೆ ಬರೆಯುತ್ತಿರುವಾಗ ಇಲ್ಲಿ ನನ್ನ ಕಣ್ಣೆದುರಿಗೇ ನಿನ್ನ ಮಗಳು ಹಿಂದೆ ಬಿದ್ದಳಲ್ಲ, ನೀನು ಬಂದಾಗ ಯಾವ ಮುಖ ತೋರಿಸಲಿ ಎಂದುಕೊಂಡು ಮನೆಗೆ ಬಂದೆ. ನಿನ್ನ ಗಂಡನಿಗೆ ಹೇಳಿದರೆ, ಅವಳು ನನ್ನ ಹಾಗೆ ಬಿಡಮ್ಮ, ನನಗೂ ಲೆಕ್ಕ ಹತ್ತಲಿಲ್ಲ ಎಂದು ಮಗ್ಗುಲು ಬದಲಿಸಿದ.

ಮೂಗು ಮುರಿಯಬೇಡ, ನಾನು ಗ್ರಂಥಾಲಯಕ್ಕೆ ಹೋದೆ. ಅಲ್ಲಿಯ ಮೇಡಂ ಶನಿವಾರ ಬೆಳಿಗ್ಗೆ ನನ್ನಂಥವರನ್ನು ಸಾಲಾಗಿ ಕೂರಿಸಿಕೊಂಡು ಮಕ್ಕಳ ಪಾಠದ ತಾಣವನ್ನು ತೋರಿಸಿಕೊಡುತ್ತಾರೆ. ನನ್ನ ಪಕ್ಕದಲ್ಲಿ ಒಬ್ಬ ಬಡಗಿ ಇದ್ದ. ಅವನ ಬೆರಳು ಎಷ್ಟು ದಪ್ಪವೆಂದರೆ ಒಂದಕ್ಷರ ಮುಟ್ಟಿದರೆ ಮೂರು ಬೀಳುತ್ತಿದ್ದವು. ಮಕ್ಕಳ ಪಾಠದ ಹಿಂಬದಿಯಲ್ಲಿ ಮನೆಯವರಿಗೆಂದೇ ಒಂದು ಪುಟ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಐದೈದು ನಿಮಿಷದ ವಿಡಿಯೋಗಳು, ಮನೆಯಲ್ಲಿರುವ ಸಾಮಾನಿನಿಂದಲೇ ಆಡುವ ಆಟಗಳು, ಮಗು ಎಲ್ಲಿ ಎಡವಿದೆ ಎಂದು ತೋರಿಸುವ ಪಟ್ಟಿ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಒಂದು ಸಣ್ಣ ಮಾತು. ಮಗು ತಪ್ಪು ಮಾಡಿದರೆ ಸರಿ ಉತ್ತರ ಹೇಳಲು ಹೋಗಬೇಡಿ, ನಿನಗೆ ಇದು ಹೇಗೆ ಗೊತ್ತಾಯಿತು ಎಂದು ಕೇಳಿ, ಕೇಳಿ ಸುಮ್ಮನಿರಿ ಎಂದಿತ್ತು. ನನಗೆ ಸುಮ್ಮನಿರುವುದು ಎಷ್ಟು ಕಷ್ಟ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಆ ಪಟ್ಟಿ ತೆರೆದು ನೋಡಿದೆ. ಏಳನೇ ಪಾಠವನ್ನು ಬಾಬಿನ್ ನಲವತ್ತೊಂದು ಸಲ ಮಾಡಿದ್ದಾಳೆ. ನಲವತ್ತೊಂದು ಸಲವೂ ಬಂದಿರುವುದು ಹತ್ತಕ್ಕೆ ಏಳೇ. ಒಮ್ಮೆಯೂ ಐದಿಲ್ಲ, ಒಮ್ಮೆಯೂ ಒಂಬತ್ತಿಲ್ಲ. ಹೊಲಿಗೆ ಬಾರದವರ ಹೊಲಿಗೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇರುತ್ತದೆ ಕಣೇ. ಇಷ್ಟು ಒಂದೇ ಸಮ ಬರಬೇಕಾದರೆ ಕೈ ಪಳಗಿರಬೇಕು. ಮಾರನೆಯ ದಿನ ಅಡುಗೆಮನೆಯ ಏಪ್ರನ್ನುಗಳಿಗೆ ಜೇಬು ಕತ್ತರಿಸುತ್ತಾ, ಒಂದೂವರೆ ಮೀಟರಿನಲ್ಲಿ ಆರು ಜೇಬು ಆಗಬೇಕಲ್ಲ ಎಂದು ನನಗೆ ನಾನೇ ಗೊಣಗಿಕೊಂಡೆ. ಬಾಬಿನ್ ಗುಂಡಿ ಡಬ್ಬಿಯಿಂದ ತಲೆ ಎತ್ತದೆ, ಕಾಲು ಕಾಲು ಮೀಟರ್ ಅಜ್ಜಿ, ಆದ್ರೆ ಹೊಲಿಗೆಗೆ ಮಡಚೋದು ಅದ್ರೊಳಗೇ ಬರ್ಬೇಕು ಅಂದಳು. ಕತ್ತರಿ ಕೆಳಗಿಟ್ಟೆ. ಬಾಯಿಯ ತನಕ ಬಂದ ಮಾತೆಲ್ಲ ನುಂಗಿಕೊಂಡೆ. ಪ್ರತಿ ಸಲ ಏಳೇ ಬರೋದು ಹೇಗೆ ಅಂತ ನಿನಗೆ ಹೇಗೆ ಗೊತ್ತಾಯ್ತು ಮಗಳೇ ಎಂದು ಕೇಳಿ ಸುಮ್ಮನೆ ಕೂತೆ.

ಎಷ್ಟೋ ಹೊತ್ತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಆಮೇಲೆ ಹೇಳಿದಳು. ಎಂಟು ಬಂದ್ರೆ ಪಾಠ ಮುಚ್ಕೊಂಡ್ಬಿಡುತ್ತೆ ಅಜ್ಜಿ, ನಕ್ಷತ್ರ ಮಾತ್ರ ಉಳಿಯುತ್ತೆ, ಆಮೇಲೆ ಅಮ್ಮ ಮಾತಾಡಲ್ಲ.

ನೆನಪಿದೆಯೇ? ಪಾಠವನ್ನು ಮನೆಯವರ ದನಿಯಲ್ಲಿ ಓದಿ ಹಾಕಬಹುದು ಎಂದು ನೀನು ಒಂದರಿಂದ ಏಳರವರೆಗೆ ಒಂದೊಂದಾಗಿ, ತೆರೆದಂತೆ ತೆರೆದಂತೆ ಓದಿದ್ದೆ. ಏಳನೆಯದನ್ನು ನೀನು ಹೊರಟ ದಿನ ಬೆಳಿಗ್ಗೆ ಓದಿದ್ದು. ಸೇಬನ್ನು ನಾಲ್ಕು ಭಾಗ ಮಾಡಿ ಒಂದು ತಿಂದರೆ ಎನ್ನುವಷ್ಟರಲ್ಲಿ, ತಡಿ ಪುಟ್ಟಾ, ಹಾಲು ಉಕ್ತಾ ಇದೆ ಎಂದು ಓಡಿದ್ದೆ. ಚಪ್ಪಲಿಯ ಸದ್ದು, ಒಲೆಯ ತಿರುಪಿನ ಸದ್ದು, ಬಾಗಿಲಲ್ಲಿ ಟ್ಯಾಕ್ಸಿಯವನ ಹಾರನ್ನು, ಅಯ್ಯೋ ಎಲ್ಲಿಗೆ ನಿಲ್ಲಿಸಿದ್ದೆ ಎಂದು ನಿನ್ನ ನಗು, ಎಲ್ಲವೂ ಅದರಲ್ಲಿ ಸೇರಿಹೋಯಿತು. ಅಳಿಸಿ ಇನ್ನೊಮ್ಮೆ ಚೆನ್ನಾಗಿ ಓದುತ್ತೇನೆ ಎಂದೆ, ಟ್ಯಾಕ್ಸಿಯವನು ಬಿಡಲಿಲ್ಲ. ಮಗು ಮೂರು ತಿಂಗಳಿಂದ ಆ ಹಾಲು ಉಕ್ಕುವುದನ್ನೇ ಕೇಳುತ್ತಾ ಕೂತಿದೆ. ನಿನ್ನ ಹಡಗಿನಿಂದ ಹದಿನೈದು ದಿನಕ್ಕೊಮ್ಮೆ ಬರುವ ಮೂರು ನಿಮಿಷದ ಫೋನಿನಲ್ಲಿ ಕರಕರ ಸದ್ದೇ ಜಾಸ್ತಿ, ಇವಳು ಬಾಯಿ ಬಿಡುವುದರೊಳಗೆ ಅದು ಮುಗಿದಿರುತ್ತದೆ. ಪಾಠದೊಳಗಿನ ಅಮ್ಮ ಹಾಗಲ್ಲ, ಕರೆದಾಗ ಬರುತ್ತಾಳೆ. ನನಗೆ ಅಳು ಬಂತು. ಅಷ್ಟರಲ್ಲಿ ನಗುವೂ ಬಂತು, ಏಕೆಂದರೆ ನಲವತ್ತೊಂದು ಸಲ ಲೆಕ್ಕ ಹಾಕಿ ಸರಿಯಾಗಿ ಮೂರೇ ತಪ್ಪು ಮಾಡುವುದಕ್ಕೆ ಎಷ್ಟು ಲೆಕ್ಕ ಬರಬೇಕು ಹೇಳು!

ಇಬ್ಬರೂ ಕೂತು ಒಂದು ಮಾತಿಗೆ ಬಂದಿದ್ದೇವೆ. ಅವಳು ಏಳನೆಯದನ್ನು ದಾಟಬೇಕು, ಎಂಟನೆಯದು ತೆರೆದ ಕೂಡಲೇ ನಾನು ಓದಬೇಕು. ನೀನು ಓದಿದ್ರೆ ಯಾರದೋ ಸೊಂಟದ ಅಳತೆ ಕೂಗಿದ ಹಾಗಿರುತ್ತೆ ಎಂದು ಬಾಬಿನ್ ಮುಖ ಸಿಂಡರಿಸಿದಳು. ಆದರೂ ಒಪ್ಪಿದ್ದಾಳೆ, ಇನ್ನು ನಾಲ್ಕೇ ನಾಲ್ಕು ಸಲ ಅಮ್ಮನನ್ನು ಕೇಳಿ ಆಮೇಲೆ ಎಂಟು ತೆಗೀತೀನಿ ಅಂದಿದ್ದಾಳೆ. ನಾಳೆ ಅವಳು ಶಾಲೆಗೆ ಹೋದಮೇಲೆ ನಾನು ಸ್ವಲ್ಪ ಓದಿ ಕೈ ಕುದುರಿಸಿಕೊಳ್ಳುತ್ತೇನೆ. ಹಾಗಾಗಿ ನೀನು ಚಿಂತೆ ಮಾಡಬೇಡ, ಎಲ್ಲವೂ ಒಂದು ಹದಕ್ಕೆ ಬಂದಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಹಡಗಿನ ಮೇಲೆ ಗಾಳಿಗೆ ನಿಲ್ಲಬೇಡ. ನೀನು ಕಳಿಸುವ ಸದ್ದೆಲ್ಲ ಕ್ಷೇಮವಾಗಿ ತಿರುಗಿ ಬರಲಿ, ಅವುಗಳ ಹಿಂದೆ ನೀನೂ ಬಾ. ನೂರು ವರ್ಷ ಚೆನ್ನಾಗಿರು ತಾಯಿ.

ಇತಿ ನಿನ್ನ,
ಅತ್ತೆ

ತಾ.ಕ.: ಮಂಗಳವಾರ ಬೆಳಿಗ್ಗೆ. ನಿಮ್ಮ ಹಡಗಿಗೆ ಬರುವ ಸಾಮಾನಿನ ದೋಣಿ ಹತ್ತು ಗಂಟೆಗೆ ಹೊರಡುತ್ತದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಒಂದು ತಪ್ಪು ಮಾಡಿಬಿಟ್ಟೆ. ನಿನ್ನೆ ಓದಿ ನೋಡೋಣ ಎಂದು ಕೂತಾಗ ಎಂಟನೇ ಪಾಠ ಇನ್ನೂ ತೆರೆದಿರಲಿಲ್ಲ. ತೆರೆದಿದ್ದ ಏಳನೆಯದರ ಮೇಲೆಯೇ ಒಂದು ಸಲ ಓದಿ, ಆಮೇಲೆ ತೆಗೆದುಹಾಕಿದರಾಯಿತು ಎಂದುಕೊಂಡೆ. ಹೊಲಿಗೆ ಬಿಚ್ಚಿದರೆ ಕೆಳಗಿನ ಬಟ್ಟೆ ಹಾಗೇ ಇರುತ್ತದಲ್ಲ, ಐವತ್ತು ವರ್ಷ ಅದನ್ನೇ ನಂಬಿದವಳು ನಾನು. ಆ ತಾಣ ಏನೋ ಕೇಳಿತು, ಕನ್ನಡಕ ಇರಲಿಲ್ಲ, ಸರಿ ಎಂದು ಒತ್ತಿದೆ. ಓದಿ ಮುಗಿಸಿ ನನ್ನದನ್ನು ಬಿಚ್ಚಿ ನೋಡಿದರೆ ಕೆಳಗೆ ನೀನಿಲ್ಲ. ಗ್ರಂಥಾಲಯದ ಮೇಡಂಗೆ ಫೋನು ಮಾಡಿದೆ. ಹೋಗಿದ್ದು ಹೋಯ್ತು ಅಜ್ಜಿ ಅಂದರು. ಪಾಠದ ಮಿಷಿನ್ ಕೆಟ್ಟಿದೆ ಎಂದು ಸುಳ್ಳು ಹೇಳಿಬಿಡಲೇ ಅನ್ನಿಸಿತು. ಅವಳು ಬಂದು ಚೀಲ ಇಳಿಸುವಾಗ ಆಗಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಅಳಲಿಲ್ಲ, ಅತ್ತದ್ದು ನಾನು. ದನಿ ತುಂಬೋ ಆ ಕೆಂಪು ಗುಂಡಿ ಒತ್ತು ಅಜ್ಜಿ ಅಂದಳು. ಒತ್ತಿದೆ. ಪಾಠವನ್ನು ಮೊದಲಿನಿಂದ ಕೊನೆಯವರೆಗೆ ನಿನ್ನ ರಾಗದಲ್ಲಿ, ನೀನು ತಡೆದಲ್ಲಿ ತಡೆದು, ಬಾಯಿಪಾಠ ಹೇಳಿದಳು. ತಡಿ ಪುಟ್ಟಾ, ಹಾಲು ಉಕ್ತಾ ಇದೆ ಅಂದಳು. ಅಡುಗೆಮನೆಗೆ ಓಡಿಹೋಗಿ ಒಲೆಯ ತಿರುಪು ತಿರುಗಿಸಿ ಬಂದಳು. ಬಾಯಲ್ಲೇ ಟ್ಯಾಕ್ಸಿಯ ಹಾರನ್ನು ಹೊಡೆದಳು. ನೀನು ನಕ್ಕಲ್ಲಿ ನಕ್ಕಳು, ಆ ನಗು ಮಾತ್ರ ನಿನ್ನದೇ, ನಾನು ತಿರುಗಿ ಬಾಗಿಲು ನೋಡಿದೆ. ಆಮೇಲೆ ಕೂತು ಹತ್ತಕ್ಕೆ ಹತ್ತು ಮಾಡಿದಳು. ಏಳನೆಯದು ಮುಚ್ಚಿಕೊಂಡಿತು, ಮೇಷ್ಟರಿಗೂ ಹೇಳಿಯಾಯಿತು, ಅವಳು ತನ್ನ ಗುಂಪಿನಲ್ಲೇ ಇರುತ್ತಾಳೆ. ಈಗ ಎಂಟನೆಯದು ತೆರೆದಿದೆ, ಅದರಲ್ಲಿ ಯಾರ ದನಿಯೂ ಇಲ್ಲ. ನಾನು ಓದಲೇ ಎಂದರೆ, ಬೇಡ, ಮುಂದಿನ ದೋಣಿ ತನಕ ಕಾಯ್ತೀನಿ ಅನ್ನುತ್ತಾಳೆ. ಎಂಟರಿಂದ ಹದಿನಾಲ್ಕರವರೆಗಿನ ಪಾಠಗಳನ್ನು ಮೇಡಂ ಅಚ್ಚು ಹಾಕಿಕೊಟ್ಟಿದ್ದಾರೆ, ಈ ಕಾಗದದ ಜೊತೆ ಇಟ್ಟಿದ್ದೇನೆ. ಒಂದು ಸಣ್ಣ ರೆಕಾರ್ಡರನ್ನೂ ದಿಂಬಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಓದಿ ಕಳಿಸು, ಪಾಠ ತೆರೆದ ಹಾಗೆ ಅವರೇ ಹಾಕಿಕೊಡುತ್ತಾರಂತೆ. ನನ್ನನ್ನು ಬೈಯಬೇಕೆನಿಸಿದರೆ ಎಲ್ಲ ಮುಗಿದಮೇಲೆ ಕೊನೆಯಲ್ಲಿ ಬೈದು ಕಳಿಸು, ಮಗುವಿಗೆ ಕೇಳಿಸದ ಹಾಗೆ ನಾನೊಬ್ಬಳೇ ಕೇಳಿಸಿಕೊಳ್ಳುತ್ತೇನೆ. ಓದುವಾಗ ನಡುವೆ ಏನಾದರೂ ಉಕ್ಕಿದರೆ ಉಕ್ಕಲಿ, ಅಳಿಸಬೇಡ.