ಪಾಯಸಕ್ಕೆ ಮೊದಲು ಒಂದು ಪದ್ಯ

ವಿದ್ಯಾರ್ಥಿನಿಲಯದ ರೆಕ್ಟರ್ ಸಾಹೇಬರೇ,

ಊಟದ ಪಂಕ್ತಿಯಲ್ಲಿ ಪದ್ಯ ಹೇಳಿದ ಅಪರಾಧಕ್ಕಾಗಿ ನಾನು ಸೋಮವಾರದೊಳಗೆ ಕ್ಷಮಾಪಣೆ ಬರೆದು ನೋಟೀಸ್ ಬೋರ್ಡಿಗೆ ಅಂಟಿಸಬೇಕು, ಇಲ್ಲವಾದರೆ ಸೀಟು ಬಿಟ್ಟು ಹೊರಡಬೇಕು ಎಂದು ತಾವು ಅಪ್ಪಣೆ ಮಾಡಿದ್ದೀರಿ. ಬರೆಯಲು ಕುಳಿತೆ. ಬೋರ್ಡಿನಲ್ಲಿ ಜಾಗ ಸಾಲದೆಂದು ತೋರಿತು. ಆದ್ದರಿಂದ ಶಿರಸಿಯ ವಾರಪತ್ರಿಕೆಯವರನ್ನು ಬೇಡಿಕೊಂಡಿದ್ದೇನೆ. ಅಪರಾಧ ಬಹಿರಂಗವಾಗಿ ನಡೆದಿದೆ. ಕ್ಷಮಾಪಣೆ ಮಾತ್ರ ಗೋಡೆಯ ಮೂಲೆಯಲ್ಲಿ ಏಕಿರಬೇಕು?

ನಿಲಯದ ಹೊರಗಿನ ಓದುಗರಿಗೆ ಸಂಗತಿ ತಿಳಿಯಬೇಕಲ್ಲ. ಸೋಮವಾರ ನಮ್ಮಲ್ಲಿ ಪಾಯಸದ ದಿನ. ತಾವು ಬರುವ ಮೊದಲು, ಪಾಯಸ ಬಡಿಸಿದ ಮೇಲೆ ಪಂಕ್ತಿಯಲ್ಲಿ ಯಾರಾದರೊಬ್ಬರು ಒಂದು ಪದ್ಯ ಹೇಳಲೇಬೇಕಿತ್ತು. ಮುಗಿದೊಡನೆ ಒಬ್ಬ 'ನಮಃ ಪಾರ್ವತೀಪತಯೇ' ಎನ್ನುವುದು, ಉಳಿದವರೆಲ್ಲ 'ಹರ ಹರ ಮಹಾದೇವ' ಎಂದು ಕೂಗುವುದು, ಆಮೇಲೆ ಪಾಯಸಕ್ಕೆ ಕೈ. ಇದು ಮೇಲಿನ ಸೀಮೆಯ, ಅಡಕೆ ತೋಟದ ಮನೆಗಳ ಹುಡುಗರು ತಮ್ಮ ಮನೆಯೂಟದಿಂದ ತಂದ ಪದ್ಧತಿ. ಮೂಡಣ ಕಡೆಯ ನಾವು ಅದರೊಳಗೆ ನಮ್ಮ ಲಾವಣಿ, ಸುಗ್ಗಿಯ ಪದಗಳನ್ನು ಸೇರಿಸಿದೆವು. ಒಂದೇ ಸಾಲಿನಲ್ಲಿ ಕೂತು ಉಣ್ಣುವುದಕ್ಕೆ ನಮ್ಮನಮ್ಮ ಮನೆಗಳು ಇನ್ನೂ ಒಪ್ಪಿಲ್ಲ; ಆ ಮುಜುಗರವನ್ನು ಕಳೆಯುತ್ತಿದ್ದದ್ದು ಆ ಒಂದು ಕೂಗು. ತಾವು ಬಂದಿರಿ. ಬಂದ ದಿನ ತಮ್ಮನ್ನು ಸೂರ್ಯನಿಗೆ ಹೋಲಿಸಿ ಯಾರೋ ಸ್ವಾಗತಪದ್ಯ ಹಾಡಿದರು. ತಾವು ಕಣ್ಣುಮುಚ್ಚಿ ತಲೆದೂಗಿದಿರಿ. ಅಂದು ಸಮಯ ವ್ಯರ್ಥವಾದಂತೆ ಕಾಣಲಿಲ್ಲ. ವಾರ ಕಳೆಯುವುದರೊಳಗೆ ಅಪ್ಪಣೆ ಹೊರಟಿತು: "ಇದು ಊಟದ ಮನೆಯೋ, ಭಜನಾ ಮಂಡಳಿಯೋ? ಎರಡೆರಡು ನಿಮಿಷ ವ್ಯರ್ಥ! ಪದ್ಯಗಿದ್ಯ ಇನ್ನು ಯಾರಿಗೆ ಬೇಕು? ದೇಶಕ್ಕೆ ಬೇಕಾದದ್ದು ಇಂಜಿನಿಯರು!" ಪದ್ಯದ ಜಾಗಕ್ಕೆ ಜನರಲ್ ನಾಲೆಜ್ ಬಂತು. ಪಾಯಸ ಆರುತ್ತಿರುವಾಗ ಒಬ್ಬ ಎದ್ದು ಯಾವುದೋ ಅಣೆಕಟ್ಟಿನ ಎತ್ತರ, ಯಾವುದೋ ಕಾರ್ಖಾನೆಯ ಉತ್ಪನ್ನ ಓದುತ್ತಾನೆ. ಅದಕ್ಕೆ ಹರ ಹರ ಎನ್ನಬೇಕೋ ಬೇಡವೋ ತಿಳಿಯದೆ ನಾವು ಪಾಯಸ ಸುರಿದುಕೊಳ್ಳುತ್ತೇವೆ. ಇದಕ್ಕೆ ಡಿಸಿಪ್ಲಿನ್ ಎಂದು ಹೆಸರು.

ನನ್ನ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ನಾನು ಕವಿಯಲ್ಲ. ಪ್ರಥಮ ವರ್ಷದ ವಿದ್ಯಾರ್ಥಿ, ದಾಸನಕೊಪ್ಪದ ಅಂಗಡಿಕಾರರ ಮಗ. ಚಿಕ್ಕಂದಿನಲ್ಲೇ ಬೆಳಗಾವಿಯ ಹಾಸ್ಟೆಲಿಗೆ ಬಿದ್ದವನು. ಅಲ್ಲಿ ಕನ್ನಡ ಆಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಹೀಗೆ ಇಂಗ್ಲಿಷು ಅರ್ಧ ಬಂತು, ಕನ್ನಡ ಅರ್ಧ ಹೋಯಿತು. ಇಲ್ಲಿಗೆ ಬಂದ ಮೊದಲ ಸೋಮವಾರವೇ ಪಂಕ್ತಿ ನನ್ನ ಕಡೆ ತಿರುಗಿತು. "ನನಗೆ ಒಂದೂ ಬರುವುದಿಲ್ಲ" ಎಂದೆ. ಪಕ್ಕದಲ್ಲಿ ಕೂತಿದ್ದವನು ಭೈರುಂಬೆಯ ಸುಬ್ರಾಯ.

"ಎಂತದಾದ್ರೂ ಹೇಳಾ ಮಾರಾಯಾ, ಪಾಯಸ ತಣಿತಾ ಇದ್ದು."

"ಇಂಗ್ಲಿಷಿನದು ಒಂದು ಬರುತ್ತದೆ, ಸಣ್ಣ ಮಕ್ಕಳದ್ದು..."

"ಅಡ್ಡಿಲ್ಲೆ, ಹೇಳು. ಶಿವಂಗೆ ಇಂಗ್ಲಿಷು ಬರ್ತಿಲ್ಲೆ ಹೇಳಿ ನಿಂಗೆ ಯಾರು ಹೇಳಿದ್ವಾ?"

ಹೇಳಿದೆ. ಒಂದು ಕುರಿಮರಿಯ ಸಮಾಚಾರ. ಯಾರೂ ನಗಲಿಲ್ಲವೆಂದಲ್ಲ, ಎಲ್ಲರೂ ನಕ್ಕರು. ಆದರೆ ನಕ್ಕು ಮುಗಿಸಿ, ಹೆಂಚಿನ ಮಾಡು ಹಾರುವಂತೆ 'ಹರ ಹರ ಮಹಾದೇವ' ಎಂದರು. ಸಾಹೇಬರೇ, ಆ ಕೂಗಿನೊಳಗೆ ನಾನು ಈ ಊರಿನವನಾದೆ. ಆಮೇಲೆ ಸೋಮವಾರ ಸೋಮವಾರಕ್ಕೆ ಕನ್ನಡ ನನಗೆ ಮರಳಿ ಬಂತು, ಎಲೆಯ ಮೇಲೆ ಬಡಿಸಿದ ಹಾಗೆ. ತರಗತಿಯಲ್ಲಿಯೂ ಪದ್ಯವಿದೆ, ಇಲ್ಲವೆನ್ನಲಾರೆ. 'ಕವಿಯ ಆಶಯವನ್ನು ವಿವರಿಸಿರಿ, ಐದು ಅಂಕ.' ಕೋಳಿಯ ಪುಕ್ಕ ಕಿತ್ತು ಎಣಿಸಿ, ಹಾರುವುದು ಹೇಗೆಂದು ತಿಳಿಯಿತು ಎಂದಂತೆ! ಈಚಿನ ಕವಿಗಳೂ ತಮಗೆ ಸಹಾಯಕ್ಕೆ ನಿಂತಿದ್ದಾರೆ ಬಿಡಿ. ಬರೆದವರೇ ಓದಿ, ಓದಿದವರೇ ಮುನ್ನುಡಿ ಬರೆದು, ಪುಸ್ತಕವನ್ನು ವಾಚನಾಲಯದ ಕಪಾಟಿಗೆ ಸೇರಿಸಿ ಬೀಗ ಹಾಕಿಸುತ್ತಾರೆ. ಪದ್ಯ ಬಾಯಲ್ಲಿ ಉಳಿದಿದ್ದರೆ ಅದು ಇಂಥ ಒಂದೆರಡು ಪಂಕ್ತಿಗಳಲ್ಲಿ. ಅಲ್ಲಿಗೂ ತಾವು ಗಡಿಯಾರ ಹಿಡಿದುಕೊಂಡು ಬಂದಿರಿ.

ಕಾಲವೇ ಹಾಗಿದೆ, ಜನಕ್ಕೇ ಬೇಡವಾಗಿದೆ ಎನ್ನುತ್ತೀರಿ. ಯಾವ ಜನ? ನಮ್ಮೂರಿಗೆ ಹಿಟ್ಟಿನ ಗಿರಣಿ ಬಂತು. ಅವ್ವನ ಬೀಸುವ ಪದ ನಿಂತಿತು. ಗಿರಣಿಯನ್ನು ನಾನು ಬೈಯಲಾರೆ. ಅದು ಪದವನ್ನು ತಿಂದು ಅವ್ವನ ರಟ್ಟೆಗೆ ವಿಶ್ರಾಂತಿ ಕೊಟ್ಟಿತು, ಹಿಟ್ಟನ್ನೂ ಕೊಟ್ಟಿತು. ತಾವು ಪದ್ಯ ಕಸಿದುಕೊಂಡು ಕೊಟ್ಟದ್ದೇನು? ಉಳಿಸಿದ ಆ ಎರಡು ನಿಮಿಷಗಳಲ್ಲಿ ಯಾವ ಸೇತುವೆ ಎದ್ದಿತು, ಯಾವ ಇಂಜಿನಿಯರು ಹುಟ್ಟಿದ? ತಿಳಿಸಿದರೆ ಉಪಕಾರವಾದೀತು.

ಇನ್ನು ಅಪರಾಧದ ವಿಷಯ. ನಮ್ಮ ಜೊತೆಯ ನಾಗಪತಿ, ಸಿದ್ದಾಪುರದ ಕಡೆಯವನು, ಓದು ಬಿಟ್ಟು ಸೈನ್ಯಕ್ಕೆ ಸೇರಿದ. ಚೀನದ ಯುದ್ಧವಾದಾಗಿನಿಂದ ಅವನಿಗೆ ಅದೇ ಧ್ಯಾನ. ಕಳೆದ ಸೋಮವಾರ ನಿಲಯದಲ್ಲಿ ಅವನ ಕೊನೆಯ ಊಟ. ತಾವು ಬಾಗಿಲಲ್ಲಿ ನಿಂತಿದ್ದಿರಿ. ಪಾಯಸ ಬಂತು. ನೇಮದಂತೆ ಅಣೆಕಟ್ಟಿನ ಎತ್ತರವನ್ನು ಓದಲಾಯಿತು. ನಾಗಪತಿ ಎಲೆಯನ್ನೇ ನೋಡುತ್ತ ಅಂದ:

"ಹೋಗೋ ದಿನಾನೂ ನಂಗೆ ಅಣೆಕಟ್ಟೇ ಬಡ್ಸಿದ್ರಲ್ಲಾ ಮಾರಾಯ!"

ಯಾರೂ ನಗಲಿಲ್ಲ. ಅವನ ಕೈ ಪಾಯಸಕ್ಕೆ ಹೋಗಲಿಲ್ಲ. ತರಗತಿಯಲ್ಲಿ ಹೆಸರು ಕರೆದರೂ ತಲೆ ತಗ್ಗಿಸುವ ನಾನು ಎದ್ದು ನಿಂತೆ. ಹಿಂದಿನ ದಿನವೇ ಒಂದು ಪದ್ಯ ಕಟ್ಟಿಕೊಂಡಿದ್ದೆ, ಹೇಳುವ ಧೈರ್ಯವಿರಲಿಲ್ಲ.

ಹೋಗಿ ಬಾ ನಾಗಪತಿ, ಹಿಮದ ಗಡಿ ದೂರ,
ಎಲೆಯ ತುದಿಯಲಿ ಉಪ್ಪು ನಿನಗೆ ಕಾದಿರಲಿ;
ಸಾಲಿನಲಿ ನಿನ್ನ ಮಣೆ ಬರಿದಾದರೇನು,
ಕೂಗಿನಲಿ ನಿನ್ನ ದನಿ ಬರಿದಾಗದಿರಲಿ.

ಒಳ್ಳೆಯ ಪದ್ಯವೇನಲ್ಲ. ಸುಬ್ರಾಯ ಆಮೇಲೆ "ಎರಡು ಸಲ ಬರಿದು ಹಾಕಿದ್ಯಲಾ, ಬ್ಯಾರೆ ಶಬ್ದ ಸಿಕ್ಕಿದ್ದಿಲ್ಯನಾ?" ಎಂದು ಕೇಳಿಯೂ ಕೇಳಿದ. ಆದರೆ ಕೂಗು ಎದ್ದಿತು, ನಾಗಪತಿ ಪಾಯಸ ಉಂಡ. ತಾವು ಅದನ್ನು ಘೋಷಣೆ, ಬಂಡಾಯ, ಇನ್‌ಡಿಸಿಪ್ಲಿನ್ ಎಂದು ಬರೆದುಕೊಂಡಿರಿ.

ನಾನು ರುಜು ಹಾಕಬೇಕಾದ ವಾಕ್ಯವನ್ನೂ ತಾವೇ ಬರೆದು ಕೊಟ್ಟಿದ್ದೀರಿ: 'ಊಟದ ವೇಳೆ ನಿರುಪಯುಕ್ತ ಪದ್ಯ ಹೇಳಿದ್ದಕ್ಕಾಗಿ ವಿಷಾದಿಸುತ್ತೇನೆ.' ಅಪ್ಪಣೆ ಮೀರಿದ್ದಕ್ಕೆ ವಿಷಾದಿಸಲು ಸಿದ್ಧ. 'ನಿರುಪಯುಕ್ತ' ಎಂಬುದಕ್ಕೆ ರುಜು ಹಾಕಲಾರೆ; ನಾಗಪತಿ ಉಂಡ ಪಾಯಸ ಸುಳ್ಳಾಗುತ್ತದೆ. ಸೀಟು ಹೋದರೆ ಕಾಲೇಜೂ ಹೋಯಿತು, ಪೇಟೆಯಲ್ಲಿ ಕೋಣೆ ಹಿಡಿಯುವ ಶಕ್ತಿ ನಮ್ಮ ಅಂಗಡಿಗಿಲ್ಲ. ಅಪ್ಪನಿಗೆ ಇನ್ನೂ ತಿಳಿಸಿಲ್ಲ. "ನಾಕ್ ಸಾಲಿನ ಪದ್ಯಕ್ಕ ಸಾಲೀನ ಕಳಕೊಂಡ್ ಬಂದ್ಯಾ, ಹುಚ್ಚಪ್ಪ?" ಎನ್ನುತ್ತಾರೆ. ಅಕ್ಷರ ಸೊಟ್ಟಗಿದ್ದರೆ ಪತ್ರಿಕೆಯವರು ತಿದ್ದಿಕೊಳ್ಳಲಿ.

ಆದ್ದರಿಂದ ನನ್ನ ಬೇಡಿಕೆ: ಆ ಶಬ್ದವನ್ನು ಹೊಡೆದುಹಾಕಿ, ಪಂಕ್ತಿಗೆ ಪದ್ಯವನ್ನು ಮರಳಿ ಕೊಡಿ. ಹಾಗೆ ಮಾಡುವ ಮೊದಲು, ಈ ಸೋಮವಾರ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟು ಒಳಗೆ ಬನ್ನಿ. ನಾಗಪತಿಯ ಮಣೆ ಖಾಲಿ ಇದೆ, ಅಲ್ಲಿ ಕೂತುಕೊಳ್ಳಿ. ಪಾಯಸ ಬಂದಾಗ ಒಂದು ಪದ್ಯ ಹೇಳಿ, ಯಾವುದಾದರೂ ಸರಿ. ಒಂದೂ ಬಾರದಿದ್ದರೆ ನಾಚಿಕೊಳ್ಳಬೇಡಿ, ನಾನೂ ಬಾರದೆಯೇ ಬಂದವನು. ಇಂಗ್ಲಿಷಿನ ಕುರಿಮರಿಯದಾದರೂ ಅಡ್ಡಿಯಿಲ್ಲ. ನಗುತ್ತೇವೆ, ಖಂಡಿತ ನಗುತ್ತೇವೆ. ಆಮೇಲೆ ಹರ ಹರ ಎನ್ನುತ್ತೇವೆ.

ಇಂತಿ,
ಸೋಮವಾರದ ಪಾಯಸದವರೆಗಾದರೂ ತಮ್ಮ ನಿಲಯದವನೇ ಆದ,
ಮಧುಕೇಶ್ವರ, ದಾಸನಕೊಪ್ಪ
(ಟ್ರಂಕು ಕಟ್ಟಿಟ್ಟಿದ್ದೇನೆ, ಸೋಮವಾರ ನನಗೊಂದು ಎಲೆ ಮಾತ್ರ ಹಾಕಿಸಿರಿ.)