ಮಂಗ ಸತ್ತಿಲ್ಲ ಎಂದು ನಾನೇ ಬರೆದಿದ್ದೆ

ಡಾಕ್ಟರಜ್ಜಾ,

ನಿಮ್ಮ ಮುಖ ನೋಡಿ ಹೇಳಬೇಕಾಗಿದ್ದ ಮಾತನ್ನು ನೀವು ಹೋದ ಮೇಲೆ ಬರೆಯುತ್ತಿದ್ದೇನೆ. ಇದೇ ಮೊದಲ ನಾಚಿಕೆ. ಇನ್ನೂ ಇವೆ, ಮುಂದೆ ಬರೆಯುತ್ತೇನೆ. ಐದನೇ ತರಗತಿಯವರೆಗೆ ಓದಿದವಳ ಬರವಣಿಗೆ. ತಪ್ಪಿದ್ದರೆ ಯಾವಾಗಲೂ ಮಾಡುತ್ತಿದ್ದ ಹಾಗೆ ತಿದ್ದಿಕೊಂಡು ಓದಿ.

ನಿಮ್ಮನ್ನು ಮೊದಲು ನೋಡಿದ್ದು ಹೊನ್ನಾವರದ ನಿಮ್ಮ ದವಾಖಾನೆಯಲ್ಲಿ. ಆಗಲೇ ನೀವು ಶಾಸಕರು. ಆದರೂ ಭಾನುವಾರ ಬಂದು ರೋಗಿಗಳನ್ನು ನೋಡುತ್ತಿದ್ದಿರಿ. ಅಮ್ಮನಿಗೆ ಜ್ವರ, ಮಾತಾಡುವ ತ್ರಾಣ ಇರಲಿಲ್ಲ. ನನಗೆ ತ್ರಾಣವಿತ್ತು, ಬಾಯಿ ಬರಲಿಲ್ಲ. "ಎಂತ ಆತೆ ಕೂಸೆ? ಎಷ್ಟು ದಿನ ಆತು ಜ್ವರ ಬಂದು?" ಎಂದು ಮೂರು ಸಲ ಕೇಳಿದಿರಿ. ನಾನು ಬಾಗಿಲಿನ ಹಿಂದೆ ಹೋಗಿ ನಿಂತೆ. ಕೊನೆಗೆ ಔಷಧಿ ಬರೆಯುವ ಚೀಟಿಯನ್ನೇ ನನ್ನ ಕೈಗೆ ಕೊಟ್ಟು, "ಹಂಗಾರೆ ಬರಿ" ಎಂದಿರಿ. ಬರೆದೆ. ಜ್ವರ ಯಾವಾಗ ಶುರುವಾಯಿತು, ನಡುಕ ಯಾವ ಹೊತ್ತಿಗೆ, ಏನು ತಿಂದಿದ್ದಳು, ಬಾವಿಯ ನೀರು ಯಾವ ಬಣ್ಣ. ನೀವು ಓದಿ ಕಂಪೌಂಡರಿಗೆ ತೋರಿಸಿದಿರಿ. "ನೋಡ, ವಿಧಾನಸಭೆಲಿ ಇಷ್ಟು ಸರಿಯಾಗಿ ಹೇಳುಲೆ ಒಬ್ಬಂಗೂ ಬತ್ತಿಲ್ಲೆ. ನಂಗೂ ಬತ್ತಿಲ್ಲೆ."

ಆ ಚೀಟಿಯಿಂದಲೇ ನನಗೆ ಒಂದು ಕೆಲಸವಾಯಿತು. ಪ್ರತಿ ಶನಿವಾರ ಗೇರುಸೊಪ್ಪದಿಂದ ಹೊನ್ನಾವರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಹತ್ತಿರ ನಮ್ಮ ಕೇರಿಯ ಸುದ್ದಿ ಬರೆದು ಕಳಿಸುವುದು. ಯಾರಿಗೆ ಜ್ವರ, ಯಾರು ಬಸುರಿ, ಕಾಡಿನ ಬದಿಯಲ್ಲಿ ಮಂಗ ಸತ್ತು ಬಿದ್ದಿದೆಯೇ. ಮಂಗನ ಕಾಯಿಲೆ ನಮ್ಮ ಕಡೆ ಹೊಸದಲ್ಲ. ಸತ್ತ ಮಂಗನ ಮೈಯಿಂದ ಇಳಿದ ಉಣುಗು, ಆ ರಕ್ತ ಹೀರುವ ಸಣ್ಣ ಹುಳ, ಮನುಷ್ಯರಿಗೆ ಕಚ್ಚುತ್ತದೆ. ಮಂಗ ಬಿದ್ದ ಸುದ್ದಿ ಮೊದಲೇ ಸಿಕ್ಕಿದರೆ ಆ ಕಾಡಿಗೆ ಜನ ಹೋಗದಂತೆ ತಡೆಯಬಹುದು, ಕೈಕಾಲಿಗೆ ಹಚ್ಚುವ ಎಣ್ಣೆ ಹಂಚಬಹುದು. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನೀವೇ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವುದಕ್ಕೂ ನನಗೆ ದಾರಿ ಇಲ್ಲ.

ಒಂದು ಭಾನುವಾರ ನೀವು ಭಟ್ಕಳದಿಂದ ತಡವಾಗಿ ಬಂದು, ಬೆಂಚಿನ ಮೇಲೆ ಕಾಯುತ್ತಿದ್ದವರ ನಡುವೆಯೇ ಕುಳಿತು ಚಾ ಕುಡಿದಿರಿ. ಅಲ್ಲೊಬ್ಬ ಮುಸ್ಲಿಂ ಅಜ್ಜಿ ತಮ್ಮ ನವಾಯತಿ ಮಾತಿನಲ್ಲಿ ಬೈದ ಕಥೆ ಹೇಳಿದಿರಿ. ಅವರು ಓಟು ಹಾಕಿದ್ದು ತಮ್ಮ ಮೊಣಕಾಲು ನೋವಿಗಂತೆ, ನಿಮ್ಮ ಪಕ್ಷಕ್ಕಲ್ಲವಂತೆ. ಎಲ್ಲರೂ ನಕ್ಕರು. ಆಮೇಲೆ ನೀವು ಮೆಲ್ಲಗೆ ಹೇಳಿದ್ದು ನನಗೆ ಮರೆತಿಲ್ಲ. "ಬೆಂಗಳೂರಲ್ಲಿ ನಮ್ಮ ಕರಾವಳಿ ಅಂದ್ರೆ ಎಂತ ಗಲಾಟೆ ಆತು ಅಂತ ಕೇಳ್ತ್ರು. ಎಂತ ಜ್ವರ ಬಂತು ಅಂತ ಒಬ್ರೂ ಕೇಳೂದಿಲ್ಲ. ಗಲಾಟೆಗೆ ನಾಲ್ಕು ಗಾಡಿ ಪೊಲೀಸರು ಬತ್ರು. ಜ್ವರಕ್ಕೆ ಒಬ್ಬ ಡಾಕ್ಟರೂ ಬತ್ರಿಲ್ಲ." ಈ ಬೆಂಚಿನ ಮೇಲೆ ಯಾರ ಪಕ್ಕ ಯಾರು ಕೂತಿದ್ದಾರೆ ಎಂದು ಯಾರೂ ನೋಡುವುದಿಲ್ಲ, ರಾಜಕೀಯದಲ್ಲಿ ನಾನು ಕಂಡ ಒಳ್ಳೆಯದು ಇದೊಂದೇ ಎಂದೂ ಹೇಳಿದಿರಿ. ಆ ಬೆಂಚಿನ ತುದಿಯಲ್ಲಿ ನಾನೂ ಕೂತಿದ್ದೆ. ನೀವು ನಂಬಿದವರಲ್ಲಿ ನಾನೂ ಒಬ್ಬಳು ಎಂದು ಎಷ್ಟು ಹೆಮ್ಮೆಪಟ್ಟಿದ್ದೆ...

ಅಕ್ಕನ ಮದುವೆಗೆ ಎಂಟು ದಿನ ಇರುವಾಗ ನಮ್ಮ ಮನೆ ಹಿಂದಿನ ಹಳ್ಳದ ಬದಿಯಲ್ಲಿ ಎರಡು ಮಂಗ ಸತ್ತು ಬಿದ್ದಿದ್ದವು. ಒಂದು ದೊಡ್ಡದು, ಒಂದು ಮರಿ. ನಮ್ಮಲ್ಲಿ ಸತ್ತ ಮಂಗವನ್ನು ಹಾಗೇ ಬಿಡುವುದಿಲ್ಲ. ಹೊಸ ಬಟ್ಟೆ ಹೊದಿಸಿ, ಕಾಯಿ ಒಡೆದು ಮಣ್ಣು ಮಾಡಬೇಕು. ಅಜ್ಜಿ ಊರಗೌಡರನ್ನು ಕರೆಸಿದಳು. ಕೇರಿಯ ಹಿರಿಯರು, ಅವರ ಮಾತು ದಾಟುವವರು ಯಾರೂ ಇಲ್ಲ. ಅವರು ನೋಡಿದವರೇ ನನ್ನ ಕಡೆ ತಿರುಗಿದರು. "ಮಾದೇವಿ, ಇದ್ನ ಚೀಟಿಲಿ ಬರಿಯೂಕೆ ಹೋಗ್ಬ್ಯಾಡ. ಅವ್ರು ಬಂದು ದೇವ್ರ ಹೆಣ ಕೊಯ್ದು ಬಾಟ್ಲಿಗೆ ತುಂಬ್ಕಂಡು ಹೋತ್ರು. ದಾರಿಗೆ ಬೋರ್ಡು ಹಾಕ್ತ್ರು. ಕುಮಟೆಯಿಂದ ದಿಬ್ಬಣ ಬತ್ತದೇ ಆಮೇಲೆ? ನಿನ್ನಕ್ಕನ್ನ ಮನೇಲೇ ಕೂರ್ಸ್ಕಣ್ತ್ಯನೆ?" ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನನ್ನನ್ನು ನೋಡಿದಳು, ಅಷ್ಟೇ.

ನಾವು ನಾಲ್ಕೇ ಜನ ಸೇರಿ ಮಣ್ಣು ಮಾಡಿದೆವು. ಕೇರಿಗೆ ಗೊತ್ತಾಗಲಿಲ್ಲ. ಶನಿವಾರದ ಚೀಟಿಯಲ್ಲಿ ಇಬ್ಬರಿಗೆ ಕೆಮ್ಮು ಎಂದು ಬರೆದೆ. ಅದರ ಕೆಳಗೆ, ಮಂಗ ಸತ್ತಿಲ್ಲ ಎಂದು ಬರೆದೆ. ಏನೂ ಬರೆಯದೆ ಬಿಟ್ಟಿದ್ದರೆ ನಿಮಗೆ ಅನುಮಾನ ಬರುತ್ತಿತ್ತೇನೋ. ಹಾಗೆ ಬರಬಾರದೆಂದೇ ಬರೆದೆ.

ಬೆಳಗಾವಿಯ ಅಧಿವೇಶನದಲ್ಲಿ ನೀವು ಎದ್ದು ನಿಂತದ್ದನ್ನು ನಾವು ಮೊಬೈಲಿನಲ್ಲಿ ನೋಡಿದೆವು. ಅಂದು ಮದುವೆ ಮುಗಿದು ಮೂರನೇ ದಿನ. ನಮ್ಮವರ ರಕ್ತ ಪರೀಕ್ಷೆಗೆ ಘಟ್ಟ ಹತ್ತಿ ಹೋಗಿ ಬರುವಷ್ಟರಲ್ಲಿ ರೋಗಿಯ ಕಥೆ ಮುಗಿದಿರುತ್ತದೆ, ಹೊನ್ನಾವರದಲ್ಲೇ ಪರೀಕ್ಷೆಯ ವ್ಯವಸ್ಥೆ ಮಾಡಿ ಎಂದು ಕೇಳುತ್ತಿದ್ದಿರಿ. ಎದುರಿನಿಂದ ಯಾರೋ, ಈ ವರ್ಷ ನಿಮ್ಮಲ್ಲಿ ಮಂಗ ಸತ್ತಿದೆಯೇ ಎಂದು ಕೇಳಿದರು. "ಇಲ್ಲ. ನನಗೆ ಪ್ರತಿ ವಾರ ಸುದ್ದಿ ಬರುತ್ತದೆ. ಈವರೆಗೆ ಸತ್ತಿಲ್ಲ" ಎಂದಿರಿ. ಹಾಗಾದರೆ ಅವಸರವೇನು ಎಂದು ಅವರು ಕೂತರು. ನೀವು ನಿಂತೇ ಇದ್ದಿರಿ. ಬೇರೆ ಮಾತು ಶುರುವಾಯಿತು. ನಾನು ಮೊಬೈಲನ್ನು ಅಜ್ಜಿಯ ಕೈಗೆ ಕೊಟ್ಟು ಕೊಟ್ಟಿಗೆಗೆ ಹೋದೆ.

ಗಿರಿಜಕ್ಕ ದರಕು ಗುಡಿಸಲು ಹೋಗುತ್ತಿದ್ದದ್ದು ಆ ಹಳ್ಳದ ಬದಿಗೇ. ಕೊಟ್ಟಿಗೆಗೆ ಹಾಸಲು ಒಣ ಎಲೆ ಬೇಕಲ್ಲ, ದಿನಾ ಹೋಗುತ್ತಿದ್ದಳು. ನಮ್ಮ ಅಂಗಳ ದಾಟುವಾಗ, "ಮದಿಮನೆ ಲಾಡು ಉಳ್ದಿದ್ಯನೆ ಮಾದೇವಿ, ಎಲ್ಲ ಬೀಗ್ರೇ ತಿಂದ್ರಾ?" ಎಂದು ಕೂಗುತ್ತಿದ್ದಳು. ನಾನು ಲಾಡು ಕೊಡುತ್ತಿದ್ದೆ. ಆ ಬದಿಗೆ ಹೋಗಬೇಡ ಎಂದು ಒಂದು ಮಾತು ಹೇಳಲು ನನಗೆ ಏನಾಗಿತ್ತು? ಹೇಳಿದರೆ ಯಾಕೆ ಎಂದು ಕೇಳುತ್ತಾಳೆ ಎಂಬ ಹೆದರಿಕೆ. ಇಷ್ಟೇ. ಹನ್ನೊಂದು ದಿನ ಜ್ವರದಲ್ಲಿ ಮಲಗಿದಳು. ಮಂಗಳೂರಿಗೆ ಒಯ್ಯುವ ದಾರಿಯಲ್ಲಿ, ಇನ್ನೂ ಭಟ್ಕಳ ದಾಟುವ ಮೊದಲೇ, ಆಂಬುಲೆನ್ಸಿನಲ್ಲಿ ಹೋದಳು.

ನೀವು ನಮ್ಮ ಕೇರಿಗೆ ಬಂದ ದಿನದ ಬಗ್ಗೆ ಬರೆಯದೆ ಈ ಕಾಗದ ಮುಗಿಸುವ ಹಾಗಿಲ್ಲ. ಆರೋಗ್ಯ ಇಲಾಖೆಯವರು ಹಳ್ಳದ ಬದಿಯ ಗುಂಡಿಯನ್ನು ಆಗಲೇ ಕಂಡುಹಿಡಿದಿದ್ದರು. ಕೇರಿಯವರೆಲ್ಲ ಗಿರಿಜಕ್ಕನ ಗಂಡ ತಿಮ್ಮಣ್ಣನ ಅಂಗಳದಲ್ಲಿದ್ದರು. ನೀವು ಮೆಟ್ಟು ಕಳಚಿ ಒಳಗೆ ಬರುವುದರಲ್ಲಿದ್ದಿರಿ. ತಿಮ್ಮಣ್ಣ ಅಡ್ಡ ನಿಂತರು. "ಬ್ಯಾಡ, ಒಳ್ಗೆ ಬರ್ಬ್ಯಾಡಿ. ಮಂಗ ಸತ್ತದ್ದು ಗೊತ್ತಿದ್ದೂ ಇಲ್ಲ ಅಂದ್ರಿ ಅಲ್ಲಿ. ಸರ್ಕಾರದ ಮರ್ಯಾದಿ ಉಳ್ಸೂಕೆ ನನ್ನ ಹೆಂಡ್ತಿ ಕೊಂದ್ರಿ." ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ಮಾದೇವಿ ವಾರ ವಾರ ಬರ್ದು ಕಳ್ಸ್ತದೆ. ಕೇಳಿ ಅದ್ರ ಹತ್ರನೇ. ಮಂಗ ಸತ್ತದ್ದು ಬರ್ದಿದ್ಯೋ ಇಲ್ಲವೋ ಹೇಳೇ?"

ಎಲ್ಲರೂ ನನ್ನನ್ನೇ ನೋಡಿದರು. ನೀವೂ ನೋಡಿದಿರಿ. ನಾನು ಹೌದು ಎಂದು ತಲೆಯಾಡಿಸಿದೆ.

ನನ್ನ ಚೀಟಿ ನಿಮ್ಮ ಹತ್ತಿರ ಇತ್ತಲ್ಲ ಅಜ್ಜಾ? ನೀವು ಒಂದನ್ನೂ ಬಿಸಾಡುವವರಲ್ಲ. ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾಕೆ ತೋರಿಸಲಿಲ್ಲ? ನಾನು ಈ ಕೇರಿಯಲ್ಲೇ ಬದುಕಬೇಕಾದವಳು ಎಂದೇ? "ಆತು ತಿಮ್ಮಣ್ಣ. ತಪ್ಪು ನಂದೇ" ಎಂದಿರಿ. ಬಗ್ಗಿ ಮೆಟ್ಟು ಹಾಕಿಕೊಂಡು ಹೋದಿರಿ. ಆಮೇಲೆ ನಾನು ಚೀಟಿ ಕಳಿಸಲಿಲ್ಲ. ನೀವೂ ಕೇಳಲಿಲ್ಲ.

ಚುನಾವಣೆಯಲ್ಲಿ ಸುಳ್ಳು ಡಾಕ್ಟರ್ ಎಂದು ಗೇರುಸೊಪ್ಪದಿಂದ ಭಟ್ಕಳದವರೆಗೆ ಮೈಕಿನಲ್ಲಿ ಕೂಗಿದರು. ನೀವು ಸೋತದ್ದು ಅದೊಂದರಿಂದಲೇ ಅಲ್ಲ ಎಂದು ತಿಳಿದವರು ಹೇಳುತ್ತಾರೆ. ಹೇಳಲಿ. ನನಗೆ ಅದರಿಂದ ಸಮಾಧಾನವಿಲ್ಲ. ನಿಮ್ಮ ಎದೆಬಡಿತ ನಿಂತ ಸುದ್ದಿ ಬಂದ ದಿನ ನಮ್ಮ ಕೇರಿಯಿಂದ ಒಬ್ಬರೂ ಹೊನ್ನಾವರಕ್ಕೆ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಕಳೆದ ವಾರ ಗ್ರಾಮಸಭೆ ಇತ್ತು. ಕಾಯಿಲೆಯ ಮಾತು ಬಂದಾಗ ಯಾರೋ ನಿಮ್ಮನ್ನು ಬೈದರು, ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. ಹೇಗೆ ನಿಂತೆನೋ ಗೊತ್ತಿಲ್ಲ. "ಇದೆಂತದೇ, ಮೂಗಿ ಎದ್ದದೆ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಮಂಗ ಸತ್ತಿದ್ದವು, ನಾವೇ ಮಣ್ಣು ಮಾಡಿದೆವು, ಸತ್ತಿಲ್ಲ ಎಂದು ನಾನೇ ಬರೆದೆ, ಡಾಕ್ಟರಿಗೆ ಗೊತ್ತಿರಲಿಲ್ಲ ಎಂದೆ. ಊರಗೌಡರು ಮುಂದಿನ ಸಾಲಿನಿಂದ, "ಅದ್ಕೆ ತಲೆ ಸಮ ಇಲ್ಲ, ಕೂರ್ಸಿ ಅದ್ನ" ಎಂದರು. ನಾನು ಕೂರಲಿಲ್ಲ. ನೀವೂ ಇದ್ದಿರಿ ಗೌಡ್ರೆ, ಕಾಯಿ ಒಡೆದದ್ದು ನೀವೇ ಎಂದೆ.

ಆಮೇಲೆ ತಿಮ್ಮಣ್ಣ ಎದ್ದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. "ಅವತ್ತು ನೀ ಹೇಳಿದ್ರೆ ಗಿರಿಜಿ ಆ ಬದಿಗೆ ಹೋತಿತ್ತನೆ?" ಎಂದು ಕೇಳಿದರು.

"ಹೋತಿತ್ತಿಲ್ಲ" ಎಂದೆ.

ಅವರು ನನ್ನನ್ನು ಬಿಟ್ಟು ಪಂಚಾಯಿತಿ ಕಾರ್ಯದರ್ಶಿಯ ಕಡೆ ತಿರುಗಿದರು. "ಬರ್ಕಳಿ. ಡಾಕ್ಟರು ಸುಳ್ಳು ಹೇಳ್ಲಿಲ್ಲ ಅಂತ ಬರ್ಕಳಿ. ಅಂಗಳಕ್ಕೆ ಬಂದವ್ರನ್ನ ಒಳ್ಗೆ ಕರೀದೆ ಕಳ್ಸಿದ್ದು ನಾನು, ಅದ್ನೂ ಬರ್ಕಳಿ." ಕಾರ್ಯದರ್ಶಿ ಇದೆಲ್ಲ ನಡಾವಳಿಗೆ ಬರುವುದಿಲ್ಲ ಎಂದರು. ತಿಮ್ಮಣ್ಣ ಮೇಜಿನ ಮುಂದಿನಿಂದ ಕದಲಲಿಲ್ಲ. ಬರೆದುಕೊಂಡರು. ನಾನು ಸಹಿ ಹಾಕಿದೆ, ಅವರು ಹೆಬ್ಬೆಟ್ಟು ಒತ್ತಿದರು. ಹೊರಗೆ ಬಂದ ಮೇಲೆ, ಇನ್ನು ತಮ್ಮ ಅಂಗಳದಲ್ಲಿ ಕಾಲಿಡಬೇಡ ಎಂದು ನನಗೆ ಹೇಳಿ ಹೋದರು. ಇಡುವುದಿಲ್ಲ.

ಆ ಹಾಳೆಯ ನಕಲು ನನ್ನ ಹತ್ತಿರ ಇದೆ. ನಾಳೆ ಹೊನ್ನಾವರಕ್ಕೆ ಹೋಗಿ ನಿಮ್ಮ ಹೆಂಡತಿ, ಆ ಅಮ್ಮನ ಕೈಗೆ ಕೊಡುತ್ತೇನೆ. ಕೊಟ್ಟು ಓಡಿ ಬರುವುದಿಲ್ಲ. ಅವರು ಓದಿ ಮುಗಿಸುವವರೆಗೂ ಎದುರಿಗೇ ನಿಂತಿರುತ್ತೇನೆ.

ನಿಮ್ಮ
ಮಾದೇವಿ