ಹುಲಿಯಾ ನಡೆದ ಇಪ್ಪತ್ತೆಂಟು ಕಿಲೋಮೀಟರ್

ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಆರಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗಳು ಅನ್ನಪೂರ್ಣಾಳನ್ನು ಗೋಲಿನಿಂದ ತೆಗೆದು ಮುಂದೆ ಓಡಲು ಹಚ್ಚಿದ್ದೀರಿ. ತಪ್ಪು ಮಾಡಿದ್ದೀರಿ. ನೀವು ಮೆಚ್ಚಿದ್ದು ಅವಳ ಓಟವನ್ನಲ್ಲ, ನನ್ನ ಎತ್ತಿನ ನಡಿಗೆಯನ್ನು. ಎದುರಿಗೇ ಬಂದು ಹೇಳಿದೆ, ಕೇಳಲಿಲ್ಲ. ಈಗ ನಾಲ್ಕು ತಾಲ್ಲೂಕಿನವರು ಓದುವ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ಆಟಗಾರ್ತಿಯರಿಗೆಲ್ಲ ಬೆನ್ನಿನಲ್ಲಿ ಓಟ ಅಳೆಯುವ ಯಂತ್ರವಿರುವ ಕರಿ ಬನಿಯನ್ ಕೊಟ್ಟು, ಒಂದು ವಾರ ತೊಟ್ಟು ಅಭ್ಯಾಸ ಮಾಡಿರೆಂದಿರಿ. ಬೆವರು ನಾರುತ್ತದೆಂದು ಇವಳು ಒಂದು ಸಂಜೆ ಯಂತ್ರ ತೋಯದಂತೆ ಅದನ್ನು ಒಗೆದು ಹಾಕಿದಳು. ಬೆಳಿಗ್ಗೆ ಇನ್ನೂ ಹಸಿಯಿತ್ತು. ಹಸಿ ಬಟ್ಟೆಯನ್ನು ಎತ್ತಿನ ಕೊಂಬಿಗೆ ಕಟ್ಟಿ ದಾರಿಯಲ್ಲಿ ಒಣಗಿಸುವುದು ನಮ್ಮಂಥ ಗಾಡಿಯವರ ರೂಢಿ. ಬನಿಯನ್ನನ್ನು ಯಂತ್ರದ ಸಮೇತ ನನ್ನ ಎತ್ತು ಹುಲಿಯಾನ ಕೊಂಬಿಗೆ ಬಿಗಿದು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿ ಬಂದೆ. ಹೋಗಿ ಬರಲು ಇಪ್ಪತ್ತೆಂಟು ಕಿಲೋಮೀಟರ್.

ನಿಮ್ಮ ಕಂಪ್ಯೂಟರಿಗೆ ಹಬ್ಬವಾಯಿತು! ಅನ್ನಪೂರ್ಣಾ "ಅತಿ ಹೆಚ್ಚು ದೂರ ಕ್ರಮಿಸಿದ ಆಟಗಾರ್ತಿ" ಎಂದು ಪಟ್ಟಿ ಹಚ್ಚಿದಿರಿ. ನೊಣ ಕೂತಾಗಲೆಲ್ಲ ಹುಲಿಯಾ ತಲೆ ಕೊಡವಿದ್ದು "ಸುತ್ತಲೂ ಗಮನಿಸುವ ಗುಣ, ನಾಲ್ಕು ಸಾವಿರ ಸಲ" ಎಂದಾಯಿತು. ಹೊಂಡದ ಪಕ್ಕ ನಿಂತು ನೀರು ಕುಡಿದದ್ದು "ಶಿಸ್ತಿನ ವಿಶ್ರಾಂತಿ." ದಾರಿಯಲ್ಲಿ ಅವನು ಮಾಡಿದ ಇತರ ಕೆಲಸಗಳಿಗೆ ಎಷ್ಟು ಅಂಕ ಕೊಟ್ಟಿರೋ, ನಾನು ಕೇಳುವುದಿಲ್ಲ.

ಪಟ್ಟಿ ನೋಡಿ ನಿಮ್ಮ ಕಚೇರಿಗೆ ಬಂದೆನಲ್ಲ, ನೆನಪಿದೆಯೇ?

"ಸಾಹೇಬ್ರ, ಇದು ನಮ್ಮ ಹುಡುಗೀದಲ್ರಿ, ಎತ್ತಿಂದ್ರಿ."

"ಅಜ್ಜಾರ, ಅಂಕಿ ಸುಳ್ಳ ಹೇಳೂದಿಲ್ಲ."

"ಎತ್ತೂ ಹೇಳೂದಿಲ್ರಿ. ಹೊರಗ ಕಟ್ಟೇನಿ, ಬಂದು ನೋಡ್ರಿ."

ನೀವು ಕುರ್ಚಿ ಬಿಟ್ಟು ಏಳಲಿಲ್ಲ. ಹುಲಿಯಾ ಮುಕ್ಕಾಲು ತಾಸು ಬಿಸಿಲಲ್ಲಿ ನಿಂತು ನಿಮಗಾಗಿ ಕಾದ.

ಗೋಲಿನಲ್ಲಿ ಅನ್ನಪೂರ್ಣಾ ಓಡುವುದಿಲ್ಲ, ನಿಜ. ನಿಲ್ಲುವುದೇ ಅವಳ ಕೆಲಸ. ಎತ್ತು ಒದೆಯುವ ಮೊದಲು ಮೈಭಾರವನ್ನು ಇನ್ನೊಂದು ಕಾಲಿಗೆ ಹಾಕುತ್ತದೆ. ಇದನ್ನು ಅವಳು ಸಣ್ಣವಳಿದ್ದಾಗಲೇ ತೋರಿಸಿಕೊಟ್ಟಿದ್ದೇನೆ. ಒದೆಯುವವರದೆಲ್ಲ ಒಂದೇ ರೀತಿ. ಚೆಂಡನ್ನು ಬಿಟ್ಟು, ಒದೆಯುವವಳ ಸೊಂಟ ನೋಡಿಯೇ ಹೋದ ವರ್ಷ ಸವದತ್ತಿಯಲ್ಲಿ ಮೂರು ಪೆನಾಲ್ಟಿ ಹಿಡಿದಳು. ಆ ಕಣ್ಣನ್ನು ನಿಮ್ಮ ಯಾವ ಬನಿಯನ್ ಅಳೆಯಿತು?

ಮೊನ್ನೆ ಬೈಲಹೊಂಗಲದ ಪಂದ್ಯದಲ್ಲಿ ಇವಳು ಓಡಿ ಓಡಿ ಏದುಸಿರು ಬಿಟ್ಟಳು. ಇವಳ ಜಾಗದಲ್ಲಿ ನಿಲ್ಲಿಸಿದ ವಿಜಯಾ, ಪಾಪ, ಚೆಂಡು ಬಂದಾಗಲೆಲ್ಲ ಕಣ್ಣು ಮುಚ್ಚಿದಳು. ಆರು–ಸೊನ್ನೆ ಸೋತೆವು. ಆಮೇಲೆ ಮೈಕಿನಲ್ಲಿ ಏನು ಹೇಳಿದಿರಿ? ಚೆಂಡು ನೂರಕ್ಕೆ ಅರವತ್ತಮೂರು ಪಾಲು ನಮ್ಮ ಹತ್ತಿರವೇ ಇತ್ತು, ಲೆಕ್ಕದ ಪ್ರಕಾರ ನಾವೇ ಗೆದ್ದಂತೆ! ಇತ್ತು ಸ್ವಾಮಿ, ಅದರಲ್ಲಿ ಅರ್ಧ ಹೊತ್ತು ನಮ್ಮದೇ ಬಲೆಯೊಳಗಿತ್ತು.

ಮನೆಗೆ ಬಂದವಳು ತಾಟು ಸರಿಸಿ ಕೂತಳು. "ಅಜ್ಜಾ, ನನ್ನ ಜಾಗಾ ನನಗ ಕೊಡಸು. ಇಲ್ಲಾಂದ್ರ ಬೂಟು ಅಟ್ಟದ ಮ್ಯಾಲ ಒಗೀತೇನಿ, ಮತ್ತ ಇಳಸೂದಿಲ್ಲ" ಎಂದಳು. ಹಟದಲ್ಲಿ ಅವಳು ನನ್ನ ಮೊಮ್ಮಗಳೇ. ಇಳಿಸುವುದಿಲ್ಲ ಅಂದರೆ ಇಳಿಸುವುದಿಲ್ಲ.

ಬರುವ ರವಿವಾರ ರಾಮದುರ್ಗದ ಪಂದ್ಯಕ್ಕೆ ಅವಳನ್ನು ಗೋಲಿನಲ್ಲಿ ನಿಲ್ಲಿಸಿರಿ. ಮುಂದೆ ಓಡಲು ಇಪ್ಪತ್ತೆಂಟು ಕಿಲೋಮೀಟರಿನವರೇ ಬೇಕೆಂದರೆ ಒಂದು ಮಾತು ಹೇಳಿ ಕಳಿಸಿರಿ, ಹುಲಿಯಾನ ಮೈ ತೊಳೆದು ಕರೆತರುತ್ತೇನೆ. ಬನಿಯನ್ ಸ್ವಲ್ಪ ದೊಡ್ಡದು ಹೊಲಿಸಿಡಿರಿ. ತೊಡಿಸುವಾಗ ಅವನ ಹಿಂದೆ ಮಾತ್ರ ನಿಲ್ಲಬೇಡಿರಿ.

ಇಂತಿ,
ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ,
ತಮ್ಮ ಪಟ್ಟಿಯ ಅತ್ಯುತ್ತಮ ಆಟಗಾರ್ತಿಗೆ ದಿನಾ ಹಿಂಡಿ ಹಾಕುವ
ಮಲಕಾಜಪ್ಪ, ಕಿತ್ತೂರು ತಾಲ್ಲೂಕು